ಮನೆಯ ಮಗು ಊಟ ಬಿಟ್ಟಾಗ: ಮೊದಲು ನಾಡಿ, ಆಮೇಲೆ ತಟ್ಟೆ, ಕೊನೆಗೆ ಮಾತು

ದಾವಣಗೆರೆ, ಚಿತ್ರದುರ್ಗದ ಕಡೆ ಪಿಯು ಹಾಸ್ಟೆಲಿನಿಂದ ರಜೆಗೆ ಬಂದ ಮಗಳು ಸೊರಗಿದ್ದರೆ ಮನೆಯವರು ಹೇಳುವ ಕಾರಣ ಮೂರೇ: ಹಾಸ್ಟೆಲ್ ಊಟ, ಓದಿನ ಟೆನ್ಷನ್, ಗ್ಯಾಸ್ಟ್ರಿಕ್. ಮೂರೂ ಇರಬಹುದು. ಆದರೆ ಮನೆ ಊಟ ಸಿಕ್ಕಿಯೂ ಎರಡು ವಾರದಲ್ಲಿ ಮೈ ಹತ್ತದಿದ್ದರೆ, ತಟ್ಟೆ ಮುಂದೆ ಕೂತಾಗ ಮುಖ ಬಿಗಿಯುತ್ತಿದ್ದರೆ, ಎಲ್ಲರ ಜೊತೆ ಉಣ್ಣದಿರಲು ದಿನಕ್ಕೊಂದು ನೆವ ಹುಟ್ಟುತ್ತಿದ್ದರೆ, ಇದು ಊಟದ ಕಾಯಿಲೆ ಇರಬಹುದೇ ಎಂದು ಯೋಚಿಸಬೇಕು. ಊಟ ಕಡಿಮೆ ಮಾಡುತ್ತಾ ಹೋಗುವುದು ಅನೊರೆಕ್ಸಿಯಾ. ಹಿಡಿತ ತಪ್ಪಿ ತಿಂದು, ಆಮೇಲೆ ಅದನ್ನು ಹೇಗಾದರೂ ಕಳೆಯಬೇಕೆಂದು ಒದ್ದಾಡುವುದು ಬುಲಿಮಿಯಾ. ಹಿಡಿತ ತಪ್ಪಿ ತಿನ್ನುವುದಷ್ಟೇ ಇದ್ದರೆ ಅದು ಬಿಂಜ್ ಈಟಿಂಗ್. ಹುಡುಗಿಯರಿಗಷ್ಟೇ ಬರುತ್ತದೆ, ಶ್ರೀಮಂತರ ಮನೆಯಲ್ಲಷ್ಟೇ ಇರುತ್ತದೆ ಅನ್ನುವುದೆಲ್ಲ ಸುಳ್ಳು.

ಸಿನಿಮಾದಲ್ಲಿ ತೋರಿಸುವ ಹಾಗೆ "ನಾನು ದಪ್ಪ ಆಗ್ತೀನಿ" ಎಂದು ಮಗು ಬಾಯಿ ಬಿಟ್ಟು ಹೇಳಲೇಬೇಕೆಂದಿಲ್ಲ. ನಮ್ಮ ದೇಶದಲ್ಲಿ ಎಷ್ಟೋ ಮಕ್ಕಳು ಹೇಳುವುದು ಹೊಟ್ಟೆಯ ಮಾತು: "ಎರಡು ತುತ್ತಿಗೇ ಹೊಟ್ಟೆ ಉಬ್ಬರಿಸ್ತೈತಿ", "ಉಂಡಿದ್ದು ಇಳೀತಾನೇ ಇಲ್ಲ". ಇದು ನಾಟಕವಲ್ಲ. ವಾರಗಟ್ಟಲೆ ಕಡಿಮೆ ಉಂಡವರ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಕರುಳಿನ ಚಲನೆಯೂ ಕುಗ್ಗುತ್ತದೆ. ಎಂಡೋಸ್ಕೋಪಿ ಮಾಡಿಸಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. "ರಿಪೋರ್ಟ್ ನಾರ್ಮಲ್" ಎಂದು ಮನೆಗೆ ಬರುತ್ತಾರೆ, ಉಬ್ಬರ ಹಾಗೇ ಇರುತ್ತದೆ. ಹೊತ್ತು ಹೊತ್ತಿಗೆ ಉಣ್ಣುತ್ತಾ ಹೋದರೆ ಕೆಲವು ವಾರಗಳಲ್ಲಿ ಅದೇ ಇಳಿಯುತ್ತದೆ. ಉಬ್ಬರ ಹೋದ ಮೇಲೆ ಉಣ್ಣಿಸೋಣ ಎಂದು ಕಾದರೆ ಎರಡೂ ಆಗುವುದಿಲ್ಲ.

ಮೊದಲು ನಾಡಿ

"ಯಾಕೆ ಹಿಂಗ್ ಮಾಡ್ತೀಯ" ಎಂದು ಕೇಳುವ ಮುಂಚೆ ಮೈಯ ಸ್ಥಿತಿ ನೋಡಬೇಕು. ಇದಕ್ಕೆ ಗಡಿಯಾರ, ಥರ್ಮಾಮೀಟರ್, ಐದು ನಿಮಿಷ ಸಾಕು.

ಮಗುವನ್ನು ಐದು ನಿಮಿಷ ಸುಮ್ಮನೆ ಮಲಗಿಸಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡು ನಾಡಿ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ನಿಧಾನದ ನಾಡಿಯಲ್ಲಿ ಒಂದು ಬಡಿತ ತಪ್ಪಿದರೂ ಲೆಕ್ಕ ನಾಲ್ಕು ಕೆಡುತ್ತದೆ. ಎಚ್ಚರವಿದ್ದಾಗ ನಾಡಿ 50ಕ್ಕಿಂತ ಕಡಿಮೆ ಇದ್ದರೆ ಅವತ್ತೇ ಆಸ್ಪತ್ರೆ. 40ರ ಹತ್ತಿರವಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. "ಅವಳು ರನ್ನಿಂಗ್ ಮಾಡ್ತಾಳೆ, ಸ್ಪೋರ್ಟ್ಸ್ ಮಾಡೋರಿಗೆ ನಾಡಿ ಕಮ್ಮೀನೇ" ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಊಟ ಬಿಟ್ಟ ಓಟಗಾರ್ತಿಯ ನಿಧಾನ ನಾಡಿ, ಹೃದಯ ಶಕ್ತಿ ಉಳಿಸಿಕೊಳ್ಳುತ್ತಿರುವುದರ ಗುರುತೂ ಆಗಿರಬಹುದು.

ಆಮೇಲೆ ಎದ್ದು ನಿಲ್ಲಲು ಹೇಳಿ, ಎರಡು ನಿಮಿಷ ಬಿಟ್ಟು ಮತ್ತೆ ಎಣಿಸಿ. ಮಲಗಿದ್ದಾಗಿನದಕ್ಕಿಂತ 30ಕ್ಕೂ ಹೆಚ್ಚು ಏರಿದರೆ, ಅಥವಾ ಕಣ್ಣು ಕತ್ತಲೆ ಬಂದರೆ, ಅದೂ ಅವತ್ತಿನ ಕೆಲಸವೇ.

ಮೂರನೆಯದು ಸ್ನಾಯುಗಳ ಪರೀಕ್ಷೆ. ಕುಕ್ಕರಗಾಲಲ್ಲಿ ಕೂತು, ಕೈ ಊರದೆ, ಏನನ್ನೂ ಹಿಡಿಯದೆ ಏಳಬೇಕು. ಬೀಳದಂತೆ ಹಿಂದೆ ಒಬ್ಬರು ನಿಂತಿರಿ. ಅಂಗಾತ ಮಲಗಿದ್ದವರು ಕೈ ಊರದೆ ಎದ್ದು ಕೂರಬೇಕು. ನೆಲದ ಮೇಲೆ ಕೂತು ಉಣ್ಣುವ ಮನೆಗಳಲ್ಲಿ ಇದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ: ಮೊದಲು ಸಲೀಸಾಗಿ ಏಳುತ್ತಿದ್ದವಳು ಈಗ ಗೋಡೆ ಹಿಡಿಯುತ್ತಾಳೆ. ಸ್ನಾಯು ಸೋತಿರುವುದರ ಗುರುತು ಅದು.

ಮೈ ಬಿಸಿ 96 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿರುವುದು, ಎಚ್ಚರ ತಪ್ಪುವುದು, ಎದೆ ಡವಗುಟ್ಟುವುದು, ಕಾಲು ಬಾತುಕೊಳ್ಳುವುದು, ವಾಂತಿಯಲ್ಲಿ ರಕ್ತ, ನೀರೂ ಕುಡಿಯದಿರುವುದು, ಸಾಯುವ ಮಾತು: ಇವುಗಳಲ್ಲಿ ಒಂದಿದ್ದರೂ ಉಳಿದ ಲೆಕ್ಕ ಬೇಡ, ಹೊರಡಿ.

ತೂಕದ ಮಾತು ಕೊನೆಗೆ ಇಟ್ಟಿದ್ದೇವೆ, ಬೇಕೆಂದೇ. ಎಷ್ಟು ಕೆ.ಜಿ. ಇದ್ದಾಳೆ ಅನ್ನುವುದಕ್ಕಿಂತ ಎಷ್ಟು ಬೇಗ ಇಳಿದಳು ಅನ್ನುವುದು ಮುಖ್ಯ. ದಪ್ಪಗಿದ್ದ ಹುಡುಗ ನಾಲ್ಕು ತಿಂಗಳಲ್ಲಿ ಸರ್ರನೆ ಇಳಿದು ಈಗ "ಸರಿಯಾದ" ತೂಕದಲ್ಲಿದ್ದರೆ ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಅವನ ನಾಡಿಯೂ 45 ಇರಬಹುದು. ಹುಡುಗಿಯರಲ್ಲಿ ಮುಟ್ಟು ಮೂರು ತಿಂಗಳಿಂದ ನಿಂತಿದ್ದರೆ ಮೂಳೆಗೆ ಪೆಟ್ಟು ಬೀಳುತ್ತಿದೆ ಎಂದು ತಿಳಿಯಿರಿ. ಆದರೆ ಮುಟ್ಟು ಬರುತ್ತಿದೆ, ಹಾಗಾಗಿ ಕಾಯಿಲೆ ಇಲ್ಲ ಎಂದುಕೊಳ್ಳಬೇಡಿ. ಮುಟ್ಟು ನಿಂತಿದ್ದರೆ ಮಾತ್ರ ಅನೊರೆಕ್ಸಿಯಾ ಎಂಬ ಷರತ್ತನ್ನು ಮನೋವೈದ್ಯರು 2013ರಲ್ಲೇ ಕೈಬಿಟ್ಟಿದ್ದಾರೆ.

ಆಸ್ಪತ್ರೆಯಲ್ಲಿ ಏನು ಕೇಳಬೇಕು

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ಬಸವೇಶ್ವರ ವೈದ್ಯಕೀಯ ಕಾಲೇಜು ಇವೆ. ಹಿರಿಯೂರು, ಚಳ್ಳಕೆರೆ, ಹೊಸದುರ್ಗ, ಹರಿಹರ, ಜಗಳೂರಿನವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದೆಂದು ಮೊದಲು ವಿಚಾರಿಸಿ, ಸುಮ್ಮನೆ ಬಸ್ಸಿನ ಖರ್ಚು ಉಳಿಯುತ್ತದೆ. ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದು. ಹಗಲು ರಾತ್ರಿ ನಡೆಯುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ.

ಇಬ್ಬರು ವೈದ್ಯರು ಬೇಕು: ಮೈ ನೋಡಲು ಫಿಜಿಷಿಯನ್ ಅಥವಾ ಮಕ್ಕಳ ವೈದ್ಯರು, ಜೊತೆಗೆ ಮನೋವೈದ್ಯರು. ಒಬ್ಬರಲ್ಲಿಗೆ ಮಾತ್ರ ಹೋದರೆ ಅರ್ಧ ಕೆಲಸ. ಓಪಿಡಿಯಲ್ಲಿ ಸಿಗುವುದು ಐದೋ ಹತ್ತೋ ನಿಮಿಷ. ಆದ್ದರಿಂದ ಒಂದು ಚೀಟಿ ಬರೆದುಕೊಂಡು ಹೋಗಿ: ಆರು ತಿಂಗಳ ಹಿಂದಿನ ತೂಕ ಮತ್ತು ಈಗಿನದು, ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ತಿಂದಿದ್ದು, ಮನೆಯಲ್ಲಿ ಎಣಿಸಿದ ನಾಡಿ, ಕೊನೆಯ ಮುಟ್ಟಿನ ತಾರೀಖು, ವಾಂತಿ ಇದೆಯೇ, ಎಷ್ಟು ಹೊತ್ತು ವ್ಯಾಯಾಮ. ಮಗುವನ್ನು ವೈದ್ಯರು ಒಂಟಿಯಾಗಿ ಮಾತಾಡಿಸಲು ಐದು ನಿಮಿಷ ಹೊರಗೆ ನಿಲ್ಲಿ.

ಪರೀಕ್ಷೆಗಳಲ್ಲಿ ಇಸಿಜಿ, ಮಲಗಿದಾಗ ಮತ್ತು ನಿಂತಾಗಿನ ಬಿಪಿ, ಸಕ್ಕರೆ, ರಕ್ತದ ಎಣಿಕೆ, ಕಿಡ್ನಿ, ಲಿವರ್, ಥೈರಾಯ್ಡ್ ಇರಬೇಕು. ತೂಕ ಇಳಿಯಲು ಕ್ಷಯ, ಸಕ್ಕರೆ ಕಾಯಿಲೆ, ಗೋಧಿ ಒಗ್ಗದ ಕರುಳಿನ ಕಾಯಿಲೆಯೂ ಕಾರಣವಾಗಬಹುದು. ಅವನ್ನು ತಳ್ಳಿಹಾಕಿಸಿಕೊಳ್ಳಿ. ಇನ್ನೊಂದನ್ನು ನೀವೇ ಬಾಯಿ ಬಿಟ್ಟು ಕೇಳಬೇಕಾಗಬಹುದು: ಫಾಸ್ಫೇಟ್ ಮತ್ತು ಮೆಗ್ನೀಸಿಯಮ್. ಲ್ಯಾಬಿನಲ್ಲಿ "ಎಲೆಕ್ಟ್ರೊಲೈಟ್ಸ್" ಎಂದರೆ ಸಾಮಾನ್ಯವಾಗಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮಾತ್ರ. ಫಾಸ್ಫೇಟ್ ಬೇರೆಯಾಗಿ ಬರೆಸಬೇಕು. ಇನ್ನೂ ಒಂದು ಮಾತು: ರಕ್ತದ ರಿಪೋರ್ಟ್ ಎಲ್ಲ ನಾರ್ಮಲ್ ಬಂದರೂ ಅಪಾಯ ಇಲ್ಲ ಎಂದಲ್ಲ. ದೇಹ ಕೊನೆಯವರೆಗೆ ರಕ್ತದ ಲೆಕ್ಕವನ್ನು ಸರಿದೂಗಿಸಿಕೊಂಡೇ ಬರುತ್ತದೆ.

ಇಲ್ಲಿ ಎರಡು ಅಭ್ಯಾಸಗಳನ್ನು ಬಿಡಬೇಕು. ಒಂದು, "ಸುಸ್ತಾಗ್ಯಾಳೆ, ಒಂದ್ ಬಾಟ್ಲಿ ಗ್ಲೂಕೋಸ್ ಹಾಕ್ಸಿ" ಎಂದು ಬೀದಿ ಬದಿಯ ಕ್ಲಿನಿಕ್ಕಿಗೆ ಹೋಗುವುದು. ವಾರಗಟ್ಟಲೆ ಉಣ್ಣದವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೂ ಹೃದಯಕ್ಕೂ ಅಪಾಯ. ಎರಡು, ಮೆಡಿಕಲ್ ಶಾಪಿನಿಂದ ಹಸಿವಿನ ಸಿರಪ್ ತಂದು ಕುಡಿಸುವುದು. ಈ ಕಾಯಿಲೆ ಹಸಿವಿಲ್ಲದ್ದರಿಂದ ಬಂದದ್ದಲ್ಲ. ಸಿರಪ್ಪಿನಿಂದ ನಿದ್ದೆ ಬರುತ್ತದೆ, ತಿಂಗಳು ಕಳೆಯುತ್ತದೆ.

ದೃಷ್ಟಿ ತೆಗೆಯುವುದು, ತಾಯತ, ಹರಕೆ ಇವುಗಳ ಮೇಲೆ ಜಗಳ ಬೇಡ. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಲಿ, ಆಸ್ಪತ್ರೆಯ ತಾರೀಖು ಮಾತ್ರ ಮುಂದಕ್ಕೆ ಹೋಗಬಾರದು. ಆರೋಗ್ಯ ವಿಮೆ ಇದ್ದರೆ ತೋರಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ರಕ್ಷಣೆ ಕೊಡಬೇಕು.

ಮೊದಲ ಹತ್ತು ದಿನ: ಒಮ್ಮೆಲೇ ತುಂಬಬೇಡಿ

ಐದಾರು ದಿನಕ್ಕಿಂತ ಹೆಚ್ಚು ಹೆಚ್ಚುಕಡಿಮೆ ಏನೂ ಉಣ್ಣದವರಿಗೆ, ಅಥವಾ ಬೇಗ ಬಹಳ ತೂಕ ಇಳಿದವರಿಗೆ, ಎರಡು ಹೋಳಿಗೆ, ತುಪ್ಪ, ಪಾಯಸ ಎಂದು ಪ್ರೀತಿಯಿಂದ ಬಡಿಸಿಬಿಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು. ಹಿಟ್ಟು, ಸಕ್ಕರೆ ಒಳಗೆ ಹೋದಂತೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಅಳಿದುಳಿದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಮ್ ಜೀವಕೋಶಗಳ ಒಳಗೆ ಸೇರಿಕೊಳ್ಳುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯದ ಲಯ ತಪ್ಪುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ಎರಡನೇ ಮಹಾಯುದ್ಧದಲ್ಲಿ ಬಿಡುಗಡೆಯಾದ ಬಂದಿಗಳಲ್ಲಿ ವೈದ್ಯರು ಕಂಡದ್ದು ಇದನ್ನೇ. ಇದಕ್ಕೆ ರಿಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ.

ಆದ್ದರಿಂದ ಇಂಥ ಮಗುವಿನ ಊಟ ಎಷ್ಟರಿಂದ ಶುರುವಾಗಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಥಯಮಿನ್ ಮಾತ್ರೆ ಊಟಕ್ಕೆ ಮುಂಚಿನಿಂದಲೇ ಶುರುವಾಗಬೇಕು. ಮೊದಲ ವಾರ ಹತ್ತು ದಿನ ರಕ್ತ ಪರೀಕ್ಷೆ ಮತ್ತೆ ಮತ್ತೆ ಆಗಬೇಕು. ಈ ದಿನಗಳಲ್ಲಿ ಪಾದ ಬಾತರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ, ಕೈಕಾಲು ಜೋಮು ಹಿಡಿದರೆ ವಾಪಸ್ ಆಸ್ಪತ್ರೆಗೆ. ಹಾಗೆಂದು ಹೆದರಿ ತೀರಾ ಕಡಿಮೆ ಕೊಡುತ್ತಾ ಕೂರುವುದೂ ತಪ್ಪು. ಎರಡು ದಿನಕ್ಕೊಮ್ಮೆ ಏರಿಸುತ್ತಾ ಹೋಗಬೇಕು.

ತಟ್ಟೆ

ಹರೆಯದ ಮಕ್ಕಳ ಅನೊರೆಕ್ಸಿಯಾಕ್ಕೆ ಹೆಚ್ಚು ಪುರಾವೆ ಇರುವ ಚಿಕಿತ್ಸೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡಿತು. ಅದರ ತಿರುಳು: ಮಗುವಿಗೆ ಉಣ್ಣುವ ತೀರ್ಮಾನ ಮಾಡುವ ಶಕ್ತಿ ಈಗ ಇಲ್ಲ, ಹಾಗಾಗಿ ಕೆಲವು ತಿಂಗಳು ಅದನ್ನು ತಂದೆತಾಯಿ ಮಾಡಬೇಕು. ತೂಕ ಮರಳಿದ ಮೇಲೆ ಒಂದೊಂದೇ ಹೊತ್ತನ್ನು ಮಗುವಿಗೆ ಬಿಟ್ಟುಕೊಡಬೇಕು. ಆರು ತಿಂಗಳಿಂದ ವರ್ಷ ಹಿಡಿಯುತ್ತದೆ. ನಮ್ಮ ಕಡೆ ಇದಕ್ಕೆ ತರಬೇತಾದವರು ಸಿಗುವುದು ಕಷ್ಟ, ಆದರೆ ಬಡಿಸುವ ಕೈಗಳಿಗೆ ಬರವಿಲ್ಲ.

ದಿನಕ್ಕೆ ಆರು ಹೊತ್ತು, ಮೂರು ಊಟ ಮೂರು ತಿಂಡಿ, ನಡುವೆ ಮೂರು ಗಂಟೆಗಿಂತ ಹೆಚ್ಚು ಬಿಡುವಿಲ್ಲ. ವೈದ್ಯರು ಪೂರ್ಣ ಊಟಕ್ಕೆ ಒಪ್ಪಿದ ಮೇಲೆ ಒಂದು ದಿನ ಹೀಗಿರಬಹುದು. ಏಳೂವರೆಗೆ ಮೂರು ಇಡ್ಲಿ, ಎರಡು ದೊಡ್ಡ ಚಮಚ ಶೇಂಗಾ ಚಟ್ನಿ, ಒಂದು ಲೋಟ ಗಟ್ಟಿ ಹಾಲು. ಹತ್ತೂವರೆಗೆ ಬಾಳೆಹಣ್ಣು, ಒಂದು ಶೇಂಗಾ ಉಂಡೆ. ಒಂದು ಗಂಟೆಗೆ ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಕಾಳುಪಲ್ಯ, ಅನ್ನ ಸಾರು ತುಪ್ಪ, ಕೆನೆ ಮೊಸರು. ನಾಲ್ಕಕ್ಕೆ ಒಗ್ಗರಣೆ ಅವಲಕ್ಕಿ, ಹಾಲು ಹೆಚ್ಚಿರುವ ಕಾಫಿ. ಏಳಕ್ಕೆ ಮನೆಯವರ ಊಟವೇ. ಒಂಬತ್ತೂವರೆಗೆ ಬೆಲ್ಲ ಹಾಕಿದ ರಾಗಿ ಮಾಲ್ಟ್, ಹಾಲಿನಲ್ಲಿ. ಹಾಲನ್ನು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣವಿದೆ: ಅದರಲ್ಲಿ ಫಾಸ್ಫೇಟ್ ಚೆನ್ನಾಗಿದೆ, ಕುಡಿಯುವುದು ಅಗಿಯುವುದಕ್ಕಿಂತ ಸಲೀಸು.

ಇಲ್ಲಿ ಮನೆಗಳು ಎಡವುವುದು "ಆರೋಗ್ಯಕರ" ಅನ್ನುವ ಮಾತಿನಲ್ಲಿ. ಮುದ್ದೆ, ಸೊಪ್ಪಿನ ಸಾರು, ಸೌತೆಕಾಯಿ, ನೀರು ಮಜ್ಜಿಗೆ ಎಲ್ಲ ಒಳ್ಳೆಯದೇ. ಆದರೆ ಇವು ಕುಗ್ಗಿದ ಜಠರವನ್ನು ಬೇಗ ತುಂಬಿಸಿ, ಕೊಡುವ ಶಕ್ತಿ ಕಡಿಮೆ. ಮೊದಲ ತಿಂಗಳು ಮುದ್ದೆ ಚಿಕ್ಕದಿರಲಿ, ಅದರ ಮೇಲೆ ತುಪ್ಪ ಇರಲಿ. ಪಲ್ಯಕ್ಕೆ ಶೇಂಗಾ ಪುಡಿ, ಗುರೆಳ್ಳು ಪುಡಿ ಎರಡು ಚಮಚ ಹೆಚ್ಚು ಬೀಳಲಿ. ಮಜ್ಜಿಗೆ, ಕೋಸಂಬರಿ ಊಟದ ಕೊನೆಗೆ. ಗುರಿ ವಾರಕ್ಕೆ ಸುಮಾರು ಅರ್ಧ ಕೆ.ಜಿ. ಎರಡು ವಾರ ಮುಳ್ಳು ಅಲ್ಲಾಡದಿದ್ದರೆ ಒಂದು ಹೊತ್ತಿಗೆ ಒಂದು ಪದಾರ್ಥ ಏರಿಸಿ. ಕಾಲೇಜಿಗೆ ಹೋಗುವ ಅಣ್ಣನಿಗಿಂತ ಇವಳಿಗೆ ಹೆಚ್ಚು ಬೇಕಾಗುವ ಕಾಲ ಬರುತ್ತದೆ. ಗಾಬರಿಯಾಗಬೇಡಿ. ಮೈ ದುರಸ್ತಿಗೆ ಇಳಿದಾಗ ಶಕ್ತಿ ಬೇಗ ಖರ್ಚಾಗುತ್ತದೆ.

ಬಡಿಸುವ ಕ್ರಮ ಇನ್ನೂ ಮುಖ್ಯ. ಎಷ್ಟು ಎಂಬುದು ಅಡುಗೆಮನೆಯಲ್ಲೇ ತೀರ್ಮಾನವಾಗಬೇಕು, ತಟ್ಟೆ ತುಂಬಿಯೇ ಹೊರಗೆ ಬರಬೇಕು. ಮಗು ಅಡುಗೆಮನೆಯಲ್ಲಿ ನಿಂತು ಎಣ್ಣೆ ಅಳೆಯುವುದು, ಮನೆಮಂದಿಗೆಲ್ಲ ಒಬ್ಬಟ್ಟು ಮಾಡಿ ಬಡಿಸಿ ತಾನು ಮುಟ್ಟದಿರುವುದು ಸಾಮಾನ್ಯ. "ಅಡುಗೆಯಲ್ಲಿ ಎಷ್ಟು ಆಸಕ್ತಿ!" ಎಂದು ಹಿಗ್ಗಬೇಡಿ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ 36 ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರೂ ಅಡುಗೆ ಪುಸ್ತಕ ಓದತೊಡಗಿದರು, ತುತ್ತನ್ನು ಗಂಟೆಗಟ್ಟಲೆ ಎಳೆದರು, ಸಿಡುಕಿದರು, ಜನರನ್ನು ದೂರ ಮಾಡಿದರು. ಎಷ್ಟೋ ಲಕ್ಷಣಗಳು ಮಗುವಿನ ಸ್ವಭಾವವಲ್ಲ, ಉಪವಾಸದ ಫಲ. ಹೊಟ್ಟೆ ತುಂಬಿದ ಮೇಲೆ ಅವು ಕರಗುತ್ತವೆ, ಒಂದೇ ವಾರದಲ್ಲಲ್ಲ, ತಿಂಗಳುಗಳಲ್ಲಿ.

ಊಟಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ. ತಿಂಡಿಗೆ ಹದಿನೈದು. ಒಬ್ಬರು ಪಕ್ಕದಲ್ಲಿ ಕೂತು ತಾವೂ ಉಣ್ಣಬೇಕು. ಮಾತು ಊಟದ್ದಾಗಿರಬಾರದು: ಕ್ರಿಕೆಟ್, ಪಕ್ಕದ ಮನೆ ಬೆಕ್ಕು, ಧಾರಾವಾಹಿ. ಕೈ ನಿಂತರೆ ಚಿಕ್ಕ ಮಾತು ಸಾಕು. "ಕಷ್ಟ ಆಗ್ತೈತಿ ಗೊತ್ತವ್ವ. ಇನ್ನೊಂದ್ ತುತ್ತು. ನಾನಿಲ್ಲೇ ಅದೀನಿ." ಹತ್ತು ಸಲ ಬೇಕಾದರೂ ಅದನ್ನೇ ಹೇಳಿ. "ಎಷ್ಟು ತುಪ್ಪ ಹಾಕಿದಿ?" ಎಂದು ಕೇಳಿದರೆ ಲೆಕ್ಕ ಒಪ್ಪಿಸಬೇಡಿ. "ಡಾಕ್ಟ್ರು ಹೇಳಿದಷ್ಟು" ಎಂದು ಮುಗಿಸಿ. ಒಂದು ತುತ್ತಿನ ಚೌಕಾಸಿಗೆ ಇವತ್ತು ಒಪ್ಪಿದರೆ ನಾಳೆ ಅರ್ಧ ರೊಟ್ಟಿಯ ಚೌಕಾಸಿ ಇರುತ್ತದೆ. ಹೊತ್ತು ಮೀರಿಯೂ ಉಳಿದರೆ ಬೈಗುಳ ಬೇಡ, ಉಳಿದಷ್ಟಕ್ಕೆ ಬದಲಾಗಿ ಒಂದು ದೊಡ್ಡ ಲೋಟ ಹಾಲು ಅಥವಾ ವೈದ್ಯರು ಬರೆದ ಪೌಡರ್ ಕಲಸಿ ಕೊಡಿ. ಒಂದು ಇಡೀ ದಿನ ಏನೂ ಇಳಿಯದಿದ್ದರೆ ವೈದ್ಯರಿಗೆ ಫೋನ್. ಕಾಯುವ ವಿಷಯವಲ್ಲ.

ತಟ್ಟೆ ಎಸೆಯುತ್ತಾಳೆ, "ನೀನು ನನ್ನ ಶತ್ರು" ಅನ್ನುತ್ತಾಳೆ. ಉತ್ತರ ಕೊಡದಿರುವುದೇ ಒಳ್ಳೆಯದು. ಸ್ವಲ್ಪ ಹೊತ್ತು ಬಿಟ್ಟು, ಅಷ್ಟೇ ಅಳತೆಯ ಇನ್ನೊಂದು ತಟ್ಟೆ ಬರಲಿ.

ಕೂಡು ಕುಟುಂಬದಲ್ಲಿ ಅಪ್ಪ ಗದರಿಸುವುದು, ಅಮ್ಮ ಅಳುವುದು, ಅಜ್ಜಿ "ಬಿಡ್ರೋ, ಮಗೂನ ಯಾಕೆ ಗೋಳು ಹುಯ್ಕಂತೀರಿ" ಎಂದು ತಟ್ಟೆ ಎತ್ತುವುದು: ಮೂರು ದನಿ ಇದ್ದರೆ ಕಾಯಿಲೆ ಗೆಲ್ಲುತ್ತದೆ. ಅಜ್ಜಿಯನ್ನು ಹೊರಗಿಡಬೇಡಿ, ಕೆಲಸ ಕೊಡಿ. ಊಟವಾದ ಮೇಲಿನ ಒಂದು ಗಂಟೆ ಅತಿ ಕಷ್ಟದ ಹೊತ್ತು. ಉಬ್ಬರ, ಪಶ್ಚಾತ್ತಾಪ, ಬಚ್ಚಲಿಗೆ ಹೋಗುವ ಸೆಳೆತ ಎಲ್ಲ ಆಗಲೇ. ಆ ಹೊತ್ತಿನಲ್ಲಿ ಅಜ್ಜಿ ಜೊತೆ ಚೌಕಾಬಾರ ಆಡಲಿ, ಕಾಕಡ ಮಲ್ಲಿಗೆ ಕಟ್ಟಲಿ. ಬಚ್ಚಲಿಗೆ ಊಟಕ್ಕೆ ಮುಂಚೆ ಹೋಗಿ ಬರುವ ರೂಢಿ ಮಾಡಿಸಿ. ತಮ್ಮ ತಂಗಿಯರಿಗೆ ಮಾತ್ರ ಕಾವಲು ಕೆಲಸ ಬೇಡ, ಅವರು ಅವಳನ್ನು ನಗಿಸಿಕೊಂಡು ಇದ್ದರೆ ಸಾಕು.

ಹೆದರಿಕೆಯ ತಿನಿಸುಗಳು ಆಮೇಲೆ, ತೂಕ ಏರತೊಡಗಿದ ಮೇಲೆ. ಏನೇನು ತಿನ್ನಲು ಹೆದರಿಕೆ ಎಂದು ಮಗುವಿನಿಂದಲೇ ಪಟ್ಟಿ ಮಾಡಿಸಿ, ಕಡಿಮೆ ಹೆದರಿಕೆಯದರಿಂದ ಶುರು ಮಾಡಿ. ದಾವಣಗೆರೆಯಲ್ಲಿ ಪಟ್ಟಿಯ ತುದಿಯಲ್ಲಿ ಬಹುತೇಕ ಬೆಣ್ಣೆ ದೋಸೆ ಇರುತ್ತದೆ. ಹೋಟೆಲಿಗೆ ಹೋಗಿ "ಬೆಣ್ಣೆ ಕಮ್ಮಿ ಹಾಕಿ" ಎಂದು ಹೇಳಿ ತಿನ್ನಿಸಿದರೆ ಅಭ್ಯಾಸವಾದದ್ದು ತಪ್ಪಿಸಿಕೊಳ್ಳುವುದು. ದೋಸೆಯ ಮೇಲಿನ ಬೆಣ್ಣೆ ಮುದ್ದೆ ಕರಗುವ ಮುಂಚೆ ಬೆರಳು ಅದನ್ನು ಮೆಲ್ಲಗೆ ತಟ್ಟೆಯ ಅಂಚಿಗೆ, ಆಲೂಗಡ್ಡೆ ಪಲ್ಯದ ಹಿಂದಕ್ಕೆ ಸರಿಸುವುದನ್ನು ನೋಡುತ್ತೀರಿ. ಬೈಯಬೇಡಿ, "ಅದನ್ನೂ ಸೇರಿಸ್ಕೊ" ಎನ್ನಿ. ಮೊದಲ ಸಲ ಅರ್ಧ ದೋಸೆ ಬೆಣ್ಣೆ ಸಮೇತ. ಅದೇ ವಾರ ಮತ್ತೊಮ್ಮೆ. ಹೆದರಿಕೆ ಒಮ್ಮೆ ತಿಂದರೆ ಹೋಗುವುದಿಲ್ಲ, ಹತ್ತಿರ ಹತ್ತಿರದ ದಿನಗಳಲ್ಲಿ ಮೂರು ನಾಲ್ಕು ಸಲ ತಿಂದಾಗ ಸಡಿಲಾಗುತ್ತದೆ.

ಸಂಜೆಯ ಹಸಿವು, ರಾತ್ರಿಯ ಪಶ್ಚಾತ್ತಾಪ

ಬುಲಿಮಿಯಾ, ಬಿಂಜ್ ಈಟಿಂಗ್ ಇದ್ದವರ ಮನೆಯಲ್ಲಿ ಸಮಸ್ಯೆ ರಾತ್ರಿ ಕಾಣುತ್ತದೆ, ಹುಟ್ಟುವುದು ಬೆಳಿಗ್ಗೆ. ತಿಂಡಿ ಬಿಟ್ಟು, ಮಧ್ಯಾಹ್ನ ಎರಡು ತುತ್ತು ಉಂಡು, ಸಂಜೆ ಆರಕ್ಕೆ ಮಂಡಕ್ಕಿ ಮಿರ್ಚಿಯ ವಾಸನೆ ಬಂದಾಗ ಮೈ ತನ್ನ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ. ಆಮೇಲೆ ನಾಚಿಕೆ, "ನಾಳೆ ಏನೂ ತಿನ್ನಲ್ಲ" ಎಂಬ ಶಪಥ. ಆ ಶಪಥವೇ ನಾಳೆ ಸಂಜೆಯ ಬೀಜ. ಹಾಗಾಗಿ ಚಿಕಿತ್ಸೆ ರಾತ್ರಿಯ ತಿಂಡಿ ಡಬ್ಬಕ್ಕೆ ಬೀಗ ಹಾಕುವುದಲ್ಲ. ಬೆಳಿಗ್ಗೆಯ ತಿಂಡಿ ಎಂದೂ ತಪ್ಪಿಸದಿರುವುದು, ಹಿಂದಿನ ರಾತ್ರಿ ಏನೇ ಆಗಿದ್ದರೂ ಎಂಟಕ್ಕೆ ಉಪ್ಪಿಟ್ಟು ತಿನ್ನುವುದು, ನಾಲ್ಕು ಗಂಟೆ ಮೀರಿ ಹೊಟ್ಟೆ ಖಾಲಿ ಬಿಡದಿರುವುದು. ತಿಂದದ್ದು, ಹೊತ್ತು, ಜೊತೆಗಿದ್ದವರು, ಮನಸ್ಸು ಹೇಗಿತ್ತು ಎಂದು ಪುಸ್ತಕದಲ್ಲಿ ಬರೆಯಲಿ. ಕ್ಯಾಲರಿ ಬರೆಯಬಾರದು, ಅದನ್ನು ಎಣಿಸುವ ಆಪ್ ಇದ್ದರೆ ಫೋನಿನಿಂದ ಹೋಗಲಿ.

ಕಿವಿಯ ಕೆಳಗೆ ಕೆನ್ನೆ ಬಾತಿರುವುದು, ಬೆರಳ ಗೆಣ್ಣಿನ ಮೇಲೆ ಗಾಯದ ಗುರುತು, ಹಲ್ಲು ಜುಮ್ಮೆನ್ನುವುದು ವಾಂತಿಯ ಸುಳಿವು. ವಾಂತಿಯಾದ ತಕ್ಷಣ ಹಲ್ಲುಜ್ಜಿದರೆ ಆಮ್ಲದಿಂದ ಮೆದುವಾದ ಹಲ್ಲಿನ ಹೊದಿಕೆ ಸವೆಯುತ್ತದೆ. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮುಕ್ಕಳಿಸಲಿ, ಉಜ್ಜುವುದು ಆಮೇಲೆ. ವಾಂತಿ ಇದ್ದವರಿಗೆ ಪೊಟ್ಯಾಸಿಯಂ ಪರೀಕ್ಷೆ ಆಗಾಗ ಬೇಕು. ತೂಕ ಸರಿಯಿದ್ದರೂ ಬೇಕು, ಅದರ ಕೊರತೆ ಹೃದಯವನ್ನು ನಿಲ್ಲಿಸಬಲ್ಲದು. ಬುಲಿಮಿಯಾಕ್ಕೆ ಫ್ಲುಆಕ್ಸಿಟೀನ್ ಎಂಬ ಮಾತ್ರೆ ಉಪಯೋಗವಾಗುತ್ತದೆ, ಮನೋವೈದ್ಯರು ಬರೆದರೆ ಹೆದರಬೇಡಿ. ಅನೊರೆಕ್ಸಿಯಾಕ್ಕೆ ಮಾತ್ರ ಮಾತ್ರೆಯೊಂದೇ ಸಾಲದು, ಊಟವೇ ಔಷಧಿ.

ದಪ್ಪಗಿರುವವರು ಬಿಂಜ್ ಈಟಿಂಗ್‌ಗೆ ಸಹಾಯ ಕೇಳಿದಾಗ ಮೊದಲು ಸಿಗುವುದು ಡಯಟ್ ಚಾರ್ಟ್. ಮೇಲೆ ಹೇಳಿದ ಸುಳಿ ಅದರಿಂದ ಇನ್ನೂ ಬಿಗಿಯುತ್ತದೆ. ಮೊದಲು ಹೊತ್ತು ಹೊತ್ತಿನ ಊಟ ರೂಢಿಯಾಗಲಿ, ತೂಕದ ಮಾತು ಆಮೇಲೆ.

ಹುಡುಗರಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ದಾವಣಗೆರೆ ಗರಡಿಮನೆಯ ಊರು, ಈಗ ಜಿಮ್ಮಿನ ಊರು. ಎಷ್ಟು ಮೈ ಬಂದರೂ ಕನ್ನಡಿಯಲ್ಲಿ ತೆಳ್ಳಗೇ ಕಾಣುವುದು, ಜಿಮ್ ಒಂದು ದಿನ ತಪ್ಪಿದರೆ ಹುಚ್ಚು ಹಿಡಿದಂತಾಗುವುದು, ಮದುವೆ ಮನೆಗೂ ಬೇಯಿಸಿದ ಕೋಳಿಯ ಡಬ್ಬಿ ಒಯ್ಯುವುದು ಗಮನಿಸಿ. ಪೌಡರ್ ಜೊತೆ ಇಂಜೆಕ್ಷನ್ ಶುರುವಾಗಿದೆಯೇ ಎಂದು ನೇರವಾಗಿ ಕೇಳಿ. ಸ್ಟೆರಾಯ್ಡ್‌ನಿಂದ ಹೃದಯ, ಲಿವರ್, ವೀರ್ಯ ಮೂರಕ್ಕೂ ಹಾನಿ. ಕುಸ್ತಿಗೆ ತೂಕದ ವರ್ಗಕ್ಕಾಗಿ ನೀರು ಬಿಡುವ ಹುಡುಗರ ವಿಷಯದಲ್ಲಿ ಉಸ್ತಾದರ ಜೊತೆ ಮಾತಾಡಬೇಕು, ಹುಡುಗನ ಜೊತೆಯಲ್ಲ.

ಮಾತು, ಉಪವಾಸ, ಟೈಲರ್ ಅಂಗಡಿ

ತೂಕ ಏರುತ್ತಿರುವಾಗ ಬೀಗರು ಬಂದು "ಈಗ ನೋಡು, ಮೈಕೈ ತುಂಬ್ಕಂಡು ಲಕ್ಷಣ ಆಗೀಯ" ಅನ್ನುತ್ತಾರೆ. ಮಗುವಿನ ಕಿವಿಗೆ ಅದು "ದಪ್ಪ ಆಗೀಯ" ಎಂದೇ ಬೀಳುತ್ತದೆ, ರಾತ್ರಿ ಊಟ ನಿಲ್ಲುತ್ತದೆ. ಆದ್ದರಿಂದ ನೆಂಟರಿಗೆ ಮೊದಲೇ ಫೋನ್ ಮಾಡಿ: ದಪ್ಪ, ಸಣ್ಣ, ಬಣ್ಣ, ಮದುವೆ, ಈ ನಾಲ್ಕು ಮಾತು ಬೇಡ. ಅಮ್ಮಂದಿರು ತಮ್ಮ ಹೊಟ್ಟೆ ಹಿಡಿದುಕೊಂಡು "ನಾನೂ ಇಳಿಸ್ಬೇಕು" ಅನ್ನುವುದನ್ನೂ ನಿಲ್ಲಿಸಬೇಕು. "ನೀನು ದಪ್ಪ ಇಲ್ಲ ಬಿಡು" ಎಂಬ ಸಮಾಧಾನವೂ ಕೆಲಸ ಮಾಡುವುದಿಲ್ಲ, ವಾದ ಅದೇ ಜಾಗದಲ್ಲಿ ಸುತ್ತುತ್ತದೆ. "ಇವತ್ತು ಕಷ್ಟದ ದಿನ ಇದೆ ಅನ್ಸುತ್ತೆ" ಎಂದು ಮಾತು ತಿರುಗಿಸಿ.

ಶ್ರಾವಣ ಸೋಮವಾರ, ಸಂಕಷ್ಟಿ, ಏಕಾದಶಿ, ರಂಜಾನ್ ಉಪವಾಸ ಕಾಯಿಲೆ ವಾಸಿಯಾಗುವವರೆಗೆ ಬೇಡ. ಕಾಯಿಲೆಯವರಿಗೆ ವಿನಾಯಿತಿ ಎಲ್ಲ ಸಂಪ್ರದಾಯದಲ್ಲೂ ಇದೆ. ಮನೆಯ ಹಿರಿಯರೋ, ಸ್ವಾಮಿಗಳೋ, ಮೌಲ್ವಿಗಳೋ ಅದನ್ನು ಬಾಯಾರೆ ಹೇಳಿದರೆ ಮಗುವಿಗೆ ಹಗುರ. ವರ್ಷಕ್ಕೊಂದು ಇದ್ದ ಉಪವಾಸ ವಾರಕ್ಕೆ ಮೂರಾದರೆ ಅದು ಭಕ್ತಿಯಲ್ಲ.

ಬಟ್ಟೆಯ ವಿಷಯ ಯಾರೂ ಹೇಳಿಕೊಡುವುದಿಲ್ಲ, ಆದರೆ ಎಷ್ಟೋ ಚೇತರಿಕೆ ಎಡವುವುದು ಅಲ್ಲೇ. ಮೊದಲ ತಿಂಗಳುಗಳಲ್ಲಿ ತೂಕ ಹೊಟ್ಟೆ, ಮುಖದ ಸುತ್ತ ಕೂರುತ್ತದೆ, ವರ್ಷದೊಳಗೆ ಮೈಗೆಲ್ಲ ಹರಡಿಕೊಳ್ಳುತ್ತದೆ. ಆ ನಡುವೆ ಹಳೇ ಚೂಡಿದಾರ್ ಬಿಗಿಯಾದ ಬೆಳಿಗ್ಗೆಯೇ ತಿಂಡಿ ನಿಲ್ಲುತ್ತದೆ. ಕಾಯಿಲೆ ಕಾಲದ ಬಟ್ಟೆಗಳನ್ನು ಬೀರುವಿನಿಂದ ತೆಗೆದು ಯಾರಿಗಾದರೂ ಕೊಟ್ಟುಬಿಡಿ, "ಇರಲಿ" ಎಂದು ಇಡಬೇಡಿ. ಇಲಾಸ್ಟಿಕ್ ಸೊಂಟದ ಪ್ಯಾಂಟು, ಸಡಿಲ ಕುರ್ತಾ ಎರಡು ಮೂರು ಸಾಕು. ಬ್ಲೌಸ್ ಹೊಲಿಸಿದರೆ ಒಳಗೆ ಎರಡೂ ಬದಿ ಎರಡಿಂಚು ಬಟ್ಟೆ ಬಿಡಲು ಟೈಲರಿಗೆ ಹೇಳಿ, ಬಿಚ್ಚಿ ದೊಡ್ಡದು ಮಾಡಬಹುದು. ಅಳತೆ ತೆಗೆಯುವಾಗ ಅಂಕಿಯನ್ನು ಜೋರಾಗಿ ಕೂಗಿ ಹೇಳದೆ ಬರೆದುಕೊಳ್ಳಲು ಮೊದಲೇ ತಿಳಿಸಿ. ಮನೆಯ ತೂಕದ ಯಂತ್ರ ಬೀರುವಿನೊಳಗೆ ಹೋಗಲಿ. ತೂಕ ವಾರಕ್ಕೊಮ್ಮೆ, ಆಸ್ಪತ್ರೆಯಲ್ಲಿ ಮಾತ್ರ.

ಮತ್ತೆ ಹಾಸ್ಟೆಲಿಗೆ

ಬೇಗ ಕಳಿಸುವ ಆಸೆ ಇರುತ್ತದೆ, ಪಿಯುಸಿ ಎರಡನೇ ವರ್ಷ, ನೀಟ್ ಎಂದು. ನಾಡಿ ಸ್ಥಿರವಾಗಿ, ಮನೆಯಲ್ಲಿ ಆರೂ ಹೊತ್ತು ಯಾರೂ ಪಕ್ಕದಲ್ಲಿ ಕೂರದೆ ಒಂದು ತಿಂಗಳು ಉಂಡ ಮೇಲೆ ಕಳಿಸಿ. ಅದಕ್ಕೆ ಮುಂಚೆ ಮನೆಯಿಂದ ಓಡಾಡುವ ಕಾಲೇಜು ನೋಡಿ, ಅಥವಾ ಅಮ್ಮ ಕೆಲವು ತಿಂಗಳು ಊರಲ್ಲಿ ಒಂದು ಕೋಣೆ ಹಿಡಿಯಲಿ. ಹಾಜರಾತಿಗೆ ವೈದ್ಯರ ಪತ್ರ ಈಗಲೇ ಪಡೆದಿಡಿ. ಅದರಲ್ಲಿ ಕಾಯಿಲೆಯ ಹೆಸರು ಬರೆಯಲೇಬೇಕೆಂದಿಲ್ಲ.

ವಾರ್ಡನ್ನಿಗೆ ಎಲ್ಲವನ್ನೂ ಹೇಳಬೇಕಿಲ್ಲ, ಮೂರು ಸಂಗತಿ ಸಾಕು: ಮೆಸ್ಸಿನಲ್ಲಿ ಒಬ್ಬ ಗೆಳತಿಯ ಜೊತೆ ಕೂರಿಸಿ, ಹತ್ತೂವರೆ ನಾಲ್ಕರ ತಿಂಡಿಗೆ ಅಡ್ಡಿ ಮಾಡಬೇಡಿ, ತಲೆಸುತ್ತು ಬಂದರೆ ರಾತ್ರಿಯಾದರೂ ಫೋನ್ ಮಾಡಿ. ಟ್ರಂಕಿನಲ್ಲಿ ಶೇಂಗಾ ಉಂಡೆ, ಹುರಿಗಡಲೆ, ಹಾಲಿನ ಪುಡಿ ಇರಲಿ. ಎರಡು ವಾರಕ್ಕೊಮ್ಮೆ ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ನಾಡಿ, ತೂಕ. ತೂಕ ಸತತ ಎರಡು ಸಲ ಇಳಿದರೆ ಪರೀಕ್ಷೆ ಹತ್ತಿರವಿದ್ದರೂ ಮನೆಗೆ ಕರೆತನ್ನಿ. ಈ ಕರಾರನ್ನು ಹೊರಡುವ ಮುಂಚೆ ಮಗುವಿನ ಎದುರೇ ಮಾಡಿಕೊಳ್ಳಿ, ಆಮೇಲೆ ಮಾಡಿದರೆ ಶಿಕ್ಷೆಯಂತೆ ಕಾಣುತ್ತದೆ. ಇಷ್ಟೆಲ್ಲ ಪ್ರಯತ್ನದ ನಂತರವೂ ತೂಕ ಮೇಲೇಳದಿದ್ದರೆ, ಅಥವಾ ವಾಂತಿ ನಿಲ್ಲದಿದ್ದರೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಚೀಟಿ ಬರೆಸಿಕೊಳ್ಳಿ. ದಾವಣಗೆರೆಯಿಂದ ಸುಮಾರು 260, ಚಿತ್ರದುರ್ಗದಿಂದ ಸುಮಾರು 200 ಕಿ.ಮೀ. ಹಳೇ ರಿಪೋರ್ಟ್, ಇಸಿಜಿ, ತೂಕದ ಪಟ್ಟಿ ಎಲ್ಲ ಒಂದೇ ಫೈಲಿನಲ್ಲಿರಲಿ. ದಾರಿಯ ಹೊತ್ತಿನ ತಿಂಡಿಯನ್ನೂ ಕಟ್ಟಿಕೊಳ್ಳಿ, ಬಸ್ಸಿನಲ್ಲಿ ಇದ್ದೇವೆಂದು ಹತ್ತೂವರೆಯದು ತಪ್ಪಬಾರದು.